ಕಬ್ಬಿಣದ ಊರು, ಕಾಡಿನ ದೇವರು

ಬಳ್ಳಾರಿ–ಹೊಸಪೇಟೆ ಸೀಮೆಯ ಕೆಂಪು ಗುಡ್ಡಗಳಿಗೂ ಜಪಾನಿಗೂ ಹಳೆಯ ನಂಟಿದೆ. ಎರಡನೆಯ ಮಹಾಯುದ್ಧದಲ್ಲಿ ನೆಲಕಚ್ಚಿದ ಜಪಾನ್ ಮತ್ತೆ ಎದ್ದು ನಿಂತದ್ದರ ಹಿಂದೆ ಉಕ್ಕಿನ ಬಲವಿತ್ತು. ಆದರೆ ಉಕ್ಕಿಗೆ ಬೇಕಾದ ಅದಿರನ್ನು ಅದು ಹೊರಗಿನಿಂದಲೇ ತರಿಸಿಕೊಳ್ಳಬೇಕಿತ್ತು. ಇಲ್ಲಿನ ಗುಡ್ಡಗಳಿಂದ ಅಗೆದ ಅದಿರು ರೈಲಿನಲ್ಲಿ ಮದರಾಸು ಬಂದರಿಗೆ ಹೋಗಿ, ಅಲ್ಲಿಂದ ಹಡಗೇರಿ ಜಪಾನಿನ ಕುಲುಮೆಗಳನ್ನು ಸೇರುತ್ತಿತ್ತು. ಬಂಡ್ರಿ, ದೋಣಿಮಲೈ, ತೋರಣಗಲ್ಲು ಮುಂತಾದ ಊರುಗಳಿರುವ ಸಂಡೂರು ತಾಲ್ಲೂಕು ಈ ವ್ಯಾಪಾರದ ಒಂದು ತುದಿಯಾಗಿತ್ತು.

ಅದಿರು ಕೊಂಡ ಆ ದೇಶವೇ 1997ರಲ್ಲಿ, ಕಬ್ಬಿಣಕ್ಕಾಗಿ ಕಾಡು ಕಡಿಯುವ ಊರೊಂದರ ಕಥೆಯನ್ನು ಚಿತ್ರ ಬರೆದು ಜಗತ್ತಿಗೆ ಹೇಳಿತು. ಹಯಾವೊ ಮಿಯಾಜಾಕಿ ನಿರ್ದೇಶಿಸಿದ ‘ಪ್ರಿನ್ಸೆಸ್ ಮೊನೊನೊಕೆ’ ಎಂಬ ಆ ಅನಿಮೇಷನ್ ಚಿತ್ರ, ಲಾಭದ ಆಸೆ ಮನುಷ್ಯನನ್ನೂ ಮಣ್ಣನ್ನೂ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡಿತು. ಜಪಾನಿನ ಅನಿಮೇಷನ್ನಿನಲ್ಲಿ ಬಂಡವಾಳಶಾಹಿಯ ವಿಮರ್ಶೆ ಎಷ್ಟು ಆಳವಾಗಿದೆ ಎಂಬುದನ್ನು ತಿಳಿಯಲು ಸಂಡೂರಿನ ಗುಡ್ಡಗಳಿಗಿಂತ ಒಳ್ಳೆಯ ಜಾಗ ಸಿಗಲಾರದು.

ತೋಳ ಸಾಕಿದ ಹುಡುಗಿ

ಜಪಾನಿನ ಅನಿಮೇಷನ್ ನಮ್ಮವರಿಗೆ ಅಪರಿಚಿತವಲ್ಲ. 1990ರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ಮೋಗ್ಲಿಯ ‘ಜಂಗಲ್ ಬುಕ್’ ತಯಾರಾದದ್ದು ಜಪಾನಿನಲ್ಲಿ. ಮಿಯಾಜಾಕಿಯವರ ಚಿತ್ರದ ನಾಯಕಿ ಸ್ಯಾನ್ ಕೂಡ ತೋಳ ಸಾಕಿದ ಮಗಳೇ. ಆದರೆ ಇದು ಮಕ್ಕಳನ್ನು ನಗಿಸಲೆಂದು ಮಾಡಿದ ಚಿತ್ರವಲ್ಲ.

ಕಥೆ ನಡೆಯುವುದು ಜಪಾನಿನ ಮುರೊಮಾಚಿ ಯುಗದಲ್ಲಿ. ಇತಿಹಾಸಕಾರರು ಸಾಮಾನ್ಯವಾಗಿ ಈ ಯುಗವನ್ನು 1336ರಿಂದ 1573ರವರೆಗೆ ಎಂದು ಎಣಿಸುತ್ತಾರೆ. ಹಂಪಿಯಲ್ಲಿ ವಿಜಯನಗರ ಸ್ಥಾಪನೆಯಾಯಿತೆಂದು ನಾವು ಓದುವ ವರ್ಷವೂ 1336 ಎಂಬುದು ಕುತೂಹಲದ ಕಾಕತಾಳೀಯ. ಒಂದು ಹಂದಿದೇವರ ಮೈಗೆ ಕಬ್ಬಿಣದ ಗುಂಡು ಹೊಕ್ಕು, ಅದು ನೋವು ಮತ್ತು ದ್ವೇಷದಿಂದ ಪಿಶಾಚಿಯಾಗಿ ಹಳ್ಳಿಯೊಂದರ ಮೇಲೆ ನುಗ್ಗುತ್ತದೆ. ಅದನ್ನು ಕೊಂದ ತರುಣ ಅಶಿತಾಕನ ತೋಳಿಗೆ ಶಾಪ ತಗಲುತ್ತದೆ. ಗುಂಡು ಬಂದದ್ದೆಲ್ಲಿಂದ ಎಂದು ಹುಡುಕುತ್ತ ಹೊರಟ ಅವನು ಎಬೋಶಿ ಎಂಬ ಒಡತಿ ಆಳುವ ಕಬ್ಬಿಣದ ಊರಿಗೆ ಬರುತ್ತಾನೆ.

ಆ ಊರಿನಲ್ಲಿ ನಡೆಯುವ ಕೆಲಸ ಕಲ್ಪನೆಯದಲ್ಲ. ಕಬ್ಬಿಣದ ಮರಳನ್ನು ಇದ್ದಿಲಿನೊಡನೆ ಮಣ್ಣಿನ ಕುಲುಮೆಗೆ ಸುರಿದು, ತಿದಿ ತುಳಿದು ಗಾಳಿಯೂದಿ ಕಬ್ಬಿಣ ಕರಗಿಸುವ ‘ತತಾರಾ’ ವಿಧಾನ ಜಪಾನಿನಲ್ಲಿ ಶತಮಾನಗಳ ಕಾಲ ಬಳಕೆಯಲ್ಲಿತ್ತು. ಇದ್ದಿಲಿಗಾಗಿ ಕಾಡುಗಳು ಉರುಳಿದವು. ಇದ್ದಿಲಿನ ಕುಲುಮೆ ನಮ್ಮ ಸೀಮೆಗೂ ಹೊಸದಲ್ಲ. ಹಂಪಿ ಪಕ್ಕದ ಕಮಲಾಪುರ ಹಿಂದೆ ಕಬ್ಬಿನ ಹಾಲು ಕಾಯಿಸುವ ಕಬ್ಬಿಣದ ಕೊಪ್ಪರಿಗೆಗಳಿಗೆ ಹೆಸರಾಗಿತ್ತು. ಅಂದಿನ ಕುಲುಮೆ ಚಿಕ್ಕದು, ಅದರ ಹಸಿವೂ ಚಿಕ್ಕದು. ಹಸಿವು ಊರಿನ ಅಗತ್ಯವನ್ನು ಮೀರಿ ದೂರದ ಪೇಟೆಯ ಅಳತೆಗೆ ಬೆಳೆದಾಗ ಏನಾಗುತ್ತದೆ ಎಂಬುದೇ ಚಿತ್ರದ ವಸ್ತು.

ಎಬೋಶಿ ಎಂಬ ಒಡತಿ

ಸಾಮಾನ್ಯ ಸಿನಿಮಾದಲ್ಲಿ ಎಬೋಶಿ ಖಳನಾಯಕಿಯಾಗಬೇಕಿತ್ತು. ಮಿಯಾಜಾಕಿ ಹಾಗೆ ಮಾಡಲಿಲ್ಲ. ಸೂಳೆಗೇರಿಗಳಿಗೆ ಮಾರಾಟವಾಗಿದ್ದ ಹೆಂಗಸರನ್ನು ಬಿಡಿಸಿ ತಂದು ಆಕೆ ಕೆಲಸ ಕೊಟ್ಟಿದ್ದಾಳೆ. ಜಗತ್ತು ದೂರವಿಟ್ಟ ಕುಷ್ಠರೋಗಿಗಳ ಹುಣ್ಣನ್ನು ತಾನೇ ತೊಳೆದು, ಅವರಿಗೆ ಬಂದೂಕು ತಯಾರಿಸುವ ಕಸುಬು ಕಲಿಸಿದ್ದಾಳೆ. ತಿದಿ ತುಳಿಯುವ ಹೆಂಗಸರು ಕೆಲಸ ಕಷ್ಟವಾದರೂ ಇಲ್ಲಿ ಹೊಟ್ಟೆ ತುಂಬ ಊಟವಿದೆ, ಗಂಡಸರ ಕಾಟವಿಲ್ಲ ಎನ್ನುತ್ತಾರೆ. ಅದೇ ಎಬೋಶಿ ಕಾಡಿನ ದೇವರ ತಲೆ ಕತ್ತರಿಸಲೂ ಸಿದ್ಧಳು. ಆ ತಲೆಗೆ ಚಿನ್ನದ ಗುಡ್ಡವನ್ನೇ ಕೊಡಲು ಚಕ್ರವರ್ತಿ ತಯಾರಿದ್ದಾನೆ, ನಡುವೆ ಜಿಗೊ ಎಂಬ ದಲ್ಲಾಳಿ ನಿಂತಿದ್ದಾನೆ. ಸುತ್ತಲಿನ ಸಮುರಾಯಿ ದೊರೆಗಳಿಗೆ ಆಕೆಯ ಕಬ್ಬಿಣದ ಮೇಲೆ ಕಣ್ಣು.

ಇಲ್ಲಿಯೇ ಚಿತ್ರದ ನಿಜವಾದ ವಿಮರ್ಶೆ ಅಡಗಿದೆ. ಬಡವರಿಗೆ ಅನ್ನ ಕೊಡುವ ಕುಲುಮೆಯೇ ಕಾಡನ್ನು ತಿನ್ನುತ್ತದೆ. ಅನ್ನ ತಿನ್ನುವವರನ್ನು ದೂರಿ ಫಲವಿಲ್ಲ. ದೂರದಲ್ಲಿ ಕುಳಿತು ಬೆಲೆ ಕಟ್ಟುವವರ ಮೈಗೆ ಮಸಿಯೂ ತಾಗುವುದಿಲ್ಲ, ಶಾಪವೂ ತಟ್ಟುವುದಿಲ್ಲ.

ಕಾರ್ಮಿಕ ಸಂಘದ ಪಾಠ

ಈ ನೋಟ ಇದ್ದಕ್ಕಿದ್ದಂತೆ ಹುಟ್ಟಿದ್ದಲ್ಲ. 1941ರಲ್ಲಿ ಜನಿಸಿದ ಮಿಯಾಜಾಕಿ 1963ರಲ್ಲಿ ತೋಯೆ ಕಂಪೆನಿಯ ಅನಿಮೇಷನ್ ವಿಭಾಗಕ್ಕೆ ಸೇರಿ, ಬಹುಬೇಗ ಅಲ್ಲಿನ ಕಾರ್ಮಿಕ ಸಂಘದ ಮುಂದಾಳಾದರು. ಅವರ ಹಿರಿಯ ಗೆಳೆಯ ಇಸಾವೊ ತಕಾಹತಾ ಕೂಡ ಸಂಘದ ಸಕ್ರಿಯ ಸದಸ್ಯ. ತಕಾಹತಾ 1968ರಲ್ಲಿ ನಿರ್ದೇಶಿಸಿದ ‘ಹೋರಸ್’ ಚಿತ್ರದಲ್ಲಿ ಹಳ್ಳಿಯ ಜನ ಒಗ್ಗಟ್ಟಾಗಿ ದುಷ್ಟಶಕ್ತಿಯನ್ನು ಎದುರಿಸುತ್ತಾರೆ. ಸಂಘದ ಗೆಳೆಯರು ಸೇರಿ ಮಾಡಿದ ಆ ಚಿತ್ರ ಹಣ ಗಳಿಸಲಿಲ್ಲ, ಆದರೆ ಮುಂದಿನವರಿಗೆ ದಾರಿಯಾಯಿತು.

ಅದೇ ಕಾಲದ ಜಪಾನ್ ಕೈಗಾರಿಕೆಯ ವಿಷವನ್ನೂ ಕಂಡಿತ್ತು. ಮಿನಾಮಾಟಾ ಕೊಲ್ಲಿಗೆ ಚಿಸ್ಸೊ ಎಂಬ ರಾಸಾಯನಿಕ ಕಂಪೆನಿ ಬಿಟ್ಟ ಪಾದರಸ ಮೀನುಗಳ ಮೂಲಕ ಬೆಸ್ತರ ಮೈ ಸೇರಿ ನರಗಳನ್ನು ಹಾಳುಮಾಡಿತು. ರೋಗ ಅಧಿಕೃತವಾಗಿ ಗುರುತಾದದ್ದು 1956ರಲ್ಲಿ, ವಿಷ ಬಿಡುವುದು ನಿಂತದ್ದು 1968ರಲ್ಲಿ. ಮಿಯಾಜಾಕಿಯವರ ‘ನೌಸಿಕಾ’ (1984) ಚಿತ್ರದಲ್ಲಿ ಬರುವ ವಿಷದ ಕಾಡಿನ ಕಲ್ಪನೆಗೆ ಈ ದುರಂತ ಪ್ರೇರಣೆಯಾಯಿತು. ಲೇಜಿ ಮತ್ಸುಮೊಟೊ ಅವರ ‘ಗ್ಯಾಲಕ್ಸಿ ಎಕ್ಸ್‌ಪ್ರೆಸ್ 999’ರಲ್ಲಿ ಹಣವಂತರು ಸಾವಿಲ್ಲದ ಯಂತ್ರದ ಮೈ ಕೊಂಡುಕೊಳ್ಳುತ್ತಾರೆ, ಬಡವರು ಅವರ ಬೇಟೆಗೆ ಬಲಿಯಾಗುತ್ತಾರೆ. ತಕಾಹತಾ 1994ರಲ್ಲಿ ಮಾಡಿದ ‘ಪೊಂ ಪೊಕೊ’, ಟೋಕಿಯೊ ಬಳಿಯ ಹೊಸ ಬಡಾವಣೆಗಾಗಿ ಗುಡ್ಡ ಕಳೆದುಕೊಂಡ ಕಾಡುಪ್ರಾಣಿಗಳ ಹೋರಾಟ ಮತ್ತು ಸೋಲಿನ ಕಥೆ.

ಹೆಸರು ಕಸಿಯುವ ಕರಾರು

1980ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಜಮೀನು ಮತ್ತು ಷೇರುಗಳ ಬೆಲೆ ಆಕಾಶಕ್ಕೇರಿ, 1990ರ ದಶಕದ ಆರಂಭದಲ್ಲಿ ಕುಸಿಯಿತು. 2001ರ ‘ಸ್ಪಿರಿಟೆಡ್ ಅವೇ’ ಆರಂಭವಾಗುವುದೇ ಆಗ ಕಟ್ಟಿ ಪಾಳುಬಿಟ್ಟ ಮನರಂಜನಾ ಉದ್ಯಾನದಂತಹ ಜಾಗದಲ್ಲಿ. ಕಂಡದ್ದನ್ನೆಲ್ಲ ತಿಂದ ತಂದೆತಾಯಿ ಹಂದಿಗಳಾಗುತ್ತಾರೆ. ಹತ್ತು ವರ್ಷದ ಚಿಹಿರೊ ದೇವತೆಗಳ ಸ್ನಾನಗೃಹದಲ್ಲಿ ಕೂಲಿಗೆ ನಿಲ್ಲಬೇಕಾಗುತ್ತದೆ. ಕರಾರಿಗೆ ಸಹಿ ಹಾಕಿಸಿಕೊಳ್ಳುವ ಒಡತಿ ಯುಬಾಬಾ ಆಕೆಯ ಹೆಸರನ್ನೇ ಕಿತ್ತುಕೊಳ್ಳುತ್ತಾಳೆ. ಹೆಸರು ಮರೆತವರಿಗೆ ಮನೆಯ ದಾರಿ ಸಿಗದು. ಮುಖವಿಲ್ಲದ ಭೂತವೊಂದು ಚಿನ್ನ ಎರಚಿದಾಗ ಕೆಲಸಗಾರರೆಲ್ಲ ಮುಗಿಬೀಳುತ್ತಾರೆ. ಕೊನೆಗೆ ಆ ಚಿನ್ನ ಬರೀ ಮಣ್ಣು. ನಾರುವ ಕೆಸರಿನ ಮುದ್ದೆಯಾಗಿ ಬಂದ ಅತಿಥಿಯ ಮೈಯಿಂದ ಹಳೆಯ ಸೈಕಲ್ಲು, ಕಸಕಡ್ಡಿ ಎಳೆದು ತೆಗೆದಾಗ ಅದು ನದಿಯ ದೇವರೆಂದು ತಿಳಿಯುತ್ತದೆ. ಈ ಚಿತ್ರಕ್ಕೆ 2003ರಲ್ಲಿ ಆಸ್ಕರ್ ಪ್ರಶಸ್ತಿ ಬಂತು.

ಕೆಂಪು ದೂಳಿನ ದಿನಗಳು

ಆ ಪ್ರಶಸ್ತಿ ಬಂದ ಸುಮಾರಿಗೇ ಸಂಡೂರು, ಹೊಸಪೇಟೆಗಳಲ್ಲಿ ಚಿನ್ನ ಎರಚುವ ಕಾಲ ಶುರುವಾಗಿತ್ತು. ಈಗಿನ ಗಿರಾಕಿ ಚೀನಾ. ಅದಿರಿನ ಬೆಲೆ ಏರಿದಂತೆ ಲಾರಿಗಳ ಸಾಲು ಹಗಲಿರುಳೂ ರಸ್ತೆ ತುಂಬಿತು. ಹೊಲ ಮಾರಿ ಅಥವಾ ಸಾಲ ಮಾಡಿ ಲಾರಿ ಕೊಂಡವರಿದ್ದರು. ಬೆಳೆಯ ಮೇಲೆ ಕೆಂಪು ದೂಳು ಕೂತಿತು, ಗಣಿಯ ಕೆಸರು ಹಳ್ಳಕೊಳ್ಳಗಳಿಗಿಳಿಯಿತು. ಸಂಡೂರಿನವರೇ ಆದ ಕಥೆಗಾರ ವಸುಧೇಂದ್ರ ‘ಕೆಂಪು ಗಿಣಿ’ ಕಥೆಯಲ್ಲಿ ಗಣಿಗಾರಿಕೆ ತಂದ ಈ ಪಲ್ಲಟವನ್ನು ಹಿಡಿದಿಟ್ಟಿದ್ದಾರೆ.

ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಸಲ್ಲಿಸಿದ ವರದಿ, ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಅಂದಾಜು ಮಾಡಿತು. ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದೇ ತಿಂಗಳ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ದೂಳು ಇಳಿಯಿತು. ಜೊತೆಗೆ ಕೂಲಿಯೂ ನಿಂತಿತು. ಸಾಲದ ಲಾರಿಗಳು ಅಂಗಳದಲ್ಲಿ ತುಕ್ಕು ಹಿಡಿದವು. ದೊಡ್ಡ ಲಾಭ ಮಾಡಿದವರಿಗಿಂತ ದಿನಗೂಲಿಯವರಿಗೇ ಆ ಪೆಟ್ಟು ಮೊದಲು ತಟ್ಟಿತು.

ಎಬೋಶಿಯ ಊರಿನ ಇಕ್ಕಟ್ಟು ಇದೇ. ಗಣಿ ಬೇಕೆನ್ನುವ ಕೂಲಿಕಾರ, ಬೆಟ್ಟ ಉಳಿಯಲೆನ್ನುವ ರೈತ ಇಬ್ಬರೂ ಒಂದೇ ಹಳ್ಳಿಯವರು, ಹಲವು ಸಲ ಒಂದೇ ಮನೆಯವರು. ಸುಪ್ರೀಂ ಕೋರ್ಟ್ 2013ರಲ್ಲಿ ಬಳ್ಳಾರಿಗೆ ವರ್ಷಕ್ಕೆ ಎರಡೂವರೆ ಕೋಟಿ ಟನ್ನಿನ ಮಿತಿ ಹಾಕಿ ಗಣಿಗಾರಿಕೆಗೆ ಮತ್ತೆ ದಾರಿ ಮಾಡಿಕೊಟ್ಟಿತು. 2022ರಲ್ಲಿ ಆ ಮಿತಿ ಮೂರೂವರೆ ಕೋಟಿ ಟನ್ನಿಗೆ ಏರಿತು. ಎಷ್ಟು ಅಗೆದರೆ ಸಾಕು ಎಂದು ಕೇಳಿ, ಉತ್ತರಕ್ಕೊಂದು ಅಂಕಿಯನ್ನು ನಿಗದಿಮಾಡಿದ್ದು ಇಲ್ಲಿನ ವಿಶೇಷ. ಪೇಟೆ ತಾನಾಗಿ ಆ ಪ್ರಶ್ನೆಯನ್ನು ಎಂದೂ ಕೇಳಿಕೊಳ್ಳುವುದಿಲ್ಲ.

ಉಳಿದ ಪ್ರಶ್ನೆ

ಬಂಡವಾಳವನ್ನು ಟೀಕಿಸುವ ಈ ಚಿತ್ರಗಳು ಬಂಡವಾಳದಿಂದ ಹೊರಗೇನೂ ಇಲ್ಲ. ಮಿಯಾಜಾಕಿ, ತಕಾಹತಾ ಮತ್ತು ನಿರ್ಮಾಪಕ ತೊಶಿಯೊ ಸುಜುಕಿ ಬೆಳೆಸಿದ, 1985ರಲ್ಲಿ ಹುಟ್ಟಿದ ಘಿಬ್ಲಿ ಸ್ಟುಡಿಯೊದ ಗೊಂಬೆ, ಚೀಲಗಳು ಜಗತ್ತಿನಾದ್ಯಂತ ಮಾರಾಟವಾಗುತ್ತವೆ. 2023ರಲ್ಲಿ ಆ ಸ್ಟುಡಿಯೊ ನಿಪ್ಪಾನ್ ಟೆಲಿವಿಷನ್ ಕಂಪೆನಿಯ ಅಧೀನಕ್ಕೆ ಬಂತು. ಜಪಾನಿನ ಅನಿಮೇಷನ್ ಉದ್ಯಮದಲ್ಲಿ ಚಿತ್ರ ಬರೆಯುವ ಕಿರಿಯ ಕಲಾವಿದರ ಕಡಿಮೆ ಸಂಬಳ, ದೀರ್ಘ ದುಡಿಮೆ ಹಳೆಯ ದೂರು. ಇದರಿಂದ ಚಿತ್ರಗಳ ಮಾತು ಸುಳ್ಳಾಗುವುದಿಲ್ಲ. ಕುಲುಮೆಯ ಬಳಿಯೇ ಇರುವವರಿಗೆ ಅದರ ಬಿಸಿ ಗೊತ್ತಿರುತ್ತದೆ.

‘ಪ್ರಿನ್ಸೆಸ್ ಮೊನೊನೊಕೆ’ಯ ಕೊನೆಯಲ್ಲಿ ಕಾಡಿನ ದೇವರು ಸಾಯುತ್ತದೆ, ಬೋಳುಗುಡ್ಡದ ಮೇಲೆ ಮತ್ತೆ ಹಸಿರು ಚಿಗುರುತ್ತದೆ. ಆದರೆ ಅದು ಹಳೆಯ ಕಾಡಲ್ಲ ಎಂಬುದು ಸ್ಯಾನ್‌ಗೆ ಗೊತ್ತು. ಆಕೆ ಕಾಡಿನಲ್ಲೇ ಉಳಿಯುತ್ತಾಳೆ. ಅಶಿತಾಕ ಕಬ್ಬಿಣದ ಊರಿನಲ್ಲಿದ್ದು ಅದನ್ನು ಮತ್ತೆ ಕಟ್ಟಲು ನೆರವಾಗುತ್ತಾನೆ. ಒಂದು ತೋಳು ಕಳೆದುಕೊಂಡ ಎಬೋಶಿ, ಈ ಸಲ ಒಳ್ಳೆಯ ಊರು ಕಟ್ಟೋಣ ಎನ್ನುತ್ತಾಳೆ. ಯಾರೂ ಪೂರ್ತಿ ಗೆಲ್ಲುವುದಿಲ್ಲ.

ಸಂಡೂರಿನಲ್ಲಿ ಲೆಕ್ಕ ಇನ್ನೂ ಮುಗಿದಿಲ್ಲ. 2005ರ ಕೊನೆಯಲ್ಲಿ ಕುದುರೆಮುಖದ ಗಣಿ ಮುಚ್ಚಿದ ಸರ್ಕಾರಿ ಕಂಪೆನಿ, ಸಂಡೂರಿನ ದೇವದಾರಿ ಬೆಟ್ಟದಲ್ಲಿ ಅದಿರು ತೆಗೆಯಲು ಮುಂದಾಯಿತು. ಅಲ್ಲಿ ಸುಮಾರು 99 ಸಾವಿರ ಮರಗಳಿಗೆ ಕೊಡಲಿ ಬೀಳಲಿದೆ ಎಂಬುದು ಹೊರಬಿದ್ದು, 2024ರಲ್ಲಿ ವಿರೋಧ ಎದ್ದಿತು. ಕೇಂದ್ರದ ಉಕ್ಕು ಸಚಿವರು ಯೋಜನೆಯ ಕಡತಕ್ಕೆ ಸಹಿ ಹಾಕಿದರೆ, ರಾಜ್ಯದ ಅರಣ್ಯ ಸಚಿವರು ಅರಣ್ಯಭೂಮಿ ಹಸ್ತಾಂತರಿಸದಂತೆ ಸೂಚಿಸಿದರು. ಬಗೆದ ಗುಡ್ಡದ ಮೇಲೆ ಗಿಡ ನೆಡಬಹುದು, ಮಳೆ ಬಂದರೆ ಅವು ಚಿಗುರಲೂಬಹುದು. ಆದರೆ ಮೊದಲು ಇದ್ದ ಕಾಡು ಅದರಿಂದ ಮರಳಿ ಬರುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಕೊಡಲಿ ಎತ್ತಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾಗುತ್ತದೆ.