ಅಭಿರುಚಿ ಕೂಡಿದಾಗ ಮನಸ್ಸೂ ಕೂಡುವುದೇಕೆ?

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಶಾಲಾ ಹುಡುಗರಿಗೆ ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್ ಮತ್ತು ಸಂಗಡಿಗರು ಇಬ್ಬರು ಕಲಾವಿದರ ಕೆಲವು ಚಿತ್ರಗಳನ್ನು ತೋರಿಸಿ, ಯಾವುದು ಇಷ್ಟವೆಂದು ಕೇಳಿದರು. ಆಮೇಲೆ ಕೆಲವರಿಗೆ ‘ನೀನು ಪಾಲ್ ಕ್ಲೇ ಚಿತ್ರ ಮೆಚ್ಚಿದವರ ಗುಂಪು’ ಎಂದರು, ಉಳಿದವರಿಗೆ ‘ನೀನು ಕ್ಯಾಂಡಿನ್‌ಸ್ಕಿ ಗುಂಪು’ ಎಂದರು. ಅಸಲಿಗೆ ಹುಡುಗರ ಆಯ್ಕೆಗೂ ಗುಂಪಿಗೂ ಸಂಬಂಧವೇ ಇರಲಿಲ್ಲ. ಬಳಿಕ, ಬರೀ ಸಂಖ್ಯೆ ಮತ್ತು ಗುಂಪಿನ ಹೆಸರಿನಿಂದ ಗುರುತಿಸಿದ ಇತರ ಹುಡುಗರಿಗೆ ಒಂದಿಷ್ಟು ಹಣ ಹಂಚಲು ಹೇಳಿದರು. ಹಂಚುವವನಿಗೆ ಅದರಲ್ಲಿ ಚಿಕ್ಕಾಸಿನ ಪಾಲೂ ಇಲ್ಲ. ಆದರೂ ಹೆಚ್ಚಿನವರು ‘ತಮ್ಮವರ’ ಕಡೆಗೇ ವಾಲಿದರು. ಪ್ರಯೋಗದ ವಿವರ 1971ರಲ್ಲಿ ಪ್ರಕಟವಾಯಿತು.

ಇಲ್ಲದ ಅಭಿರುಚಿಯ ಹೆಸರಿಗೇ ಇಷ್ಟು ಬಲವಿದ್ದರೆ, ಇರುವ ಅಭಿರುಚಿಯ ಮಾತೇನು?

ಮನೋವಿಜ್ಞಾನಿಗಳಾದ ಪೀಟರ್ ರೆಂಟ್‌ಫ್ರೋ ಮತ್ತು ಸ್ಯಾಮ್ ಗಾಸ್ಲಿಂಗ್ ಅಮೆರಿಕದಲ್ಲಿ ಅಪರಿಚಿತ ವಿದ್ಯಾರ್ಥಿಗಳನ್ನು ಜೋಡಿ ಮಾಡಿ, ಆರು ವಾರ ಪರಸ್ಪರ ಪರಿಚಯ ಮಾಡಿಕೊಳ್ಳಲು ಬಿಟ್ಟರು. ಅವರ ಮಾತುಕತೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬಂದದ್ದು ಸಂಗೀತ. 2006ರ ಇದೇ ಅಧ್ಯಯನದಲ್ಲಿ, ಒಬ್ಬರ ಮೆಚ್ಚಿನ ಹತ್ತು ಹಾಡುಗಳನ್ನಷ್ಟೇ ಕೇಳಿದವರು ಆ ವ್ಯಕ್ತಿ ಹೊಸ ಅನುಭವಗಳಿಗೆ ಎಷ್ಟು ತೆರೆದುಕೊಳ್ಳುವವರು ಎಂಬುದನ್ನು ಸಾಕಷ್ಟು ಸರಿಯಾಗಿಯೇ ಊಹಿಸಿದರು. ಹಾಡಿನ ಆಯ್ಕೆಯಲ್ಲಿ ಸ್ವಭಾವದ ಸುಳಿವಿರುತ್ತದೆ.

ಸ್ವಭಾವದ್ದಷ್ಟೇ ಅಲ್ಲ, ಜೀವನಮೌಲ್ಯಗಳ ಸುಳಿವೂ ಉಂಟು. ಮನೋವಿಜ್ಞಾನಿ ಡಯಾನಾ ಬೋಯರ್ ಮತ್ತು ಸಹೋದ್ಯೋಗಿಗಳು ಹಾಂಕಾಂಗ್‌ನ ರೂಮ್‌ಮೇಟ್‌ಗಳನ್ನೂ ಜರ್ಮನಿಯ ಮೆಟಲ್, ಹಿಪ್‌ಹಾಪ್ ಅಭಿಮಾನಿಗಳನ್ನೂ ಅಧ್ಯಯನ ಮಾಡಿದರು. ಒಂದೇ ಬಗೆಯ ಸಂಗೀತ ಮೆಚ್ಚುವವರ ನಡುವೆ ಆತ್ಮೀಯತೆ ಬೆಳೆಯಲು ಮುಖ್ಯ ಕಾರಣ, ಬದುಕಿನಲ್ಲಿ ಯಾವುದು ದೊಡ್ಡದು ಎಂಬ ಬಗ್ಗೆ ಅವರಿಗಿರುವ ಸಮಾನ ನಿಲುವು ಎಂದು 2011ರಲ್ಲಿ ವರದಿ ಮಾಡಿದರು.

ಗೆಳೆಯರ ನಡುವಿನ ಸಮಾನತೆಯ ಗುರುತು ಮಿದುಳಿನೊಳಗೂ ಸಿಗುತ್ತದೆ. ಮನೋವಿಜ್ಞಾನಿ ಕ್ಯಾರೊಲಿನ್ ಪಾರ್ಕಿನ್‌ಸನ್ ಅವರ ತಂಡ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ, ಒಂದೇ ತರಗತಿಯ 279 ವಿದ್ಯಾರ್ಥಿಗಳಲ್ಲಿ ಯಾರಿಗೆ ಯಾರು ಗೆಳೆಯರು ಎಂಬ ನಕ್ಷೆ ತಯಾರಿಸಿತು. ಅವರಲ್ಲಿ 42 ಮಂದಿ ಎಂಆರ್‌ಐ ಯಂತ್ರದೊಳಗೆ ಮಲಗಿ 14 ವಿಡಿಯೊ ತುಣುಕುಗಳನ್ನು ನೋಡಿದರು. ಹಾಸ್ಯ, ಚರ್ಚೆ, ಸಾಕ್ಷ್ಯಚಿತ್ರ, ಎಲ್ಲವೂ ಅವುಗಳಲ್ಲಿದ್ದವು. ಗೆಳೆಯರ ಮಿದುಳಿನ ಚಟುವಟಿಕೆ ಕ್ಷಣಕ್ಷಣಕ್ಕೂ ಹೆಚ್ಚು ಹೋಲುತ್ತಿತ್ತು. ಗೆಳೆಯರ ಗೆಳೆಯರಲ್ಲಿ ಹೋಲಿಕೆ ಕಡಿಮೆ, ಇನ್ನೂ ದೂರದವರಲ್ಲಿ ಮತ್ತಷ್ಟು ಕಡಿಮೆ. ಗಮನ ಎತ್ತ ಹರಿಯುತ್ತದೆ, ಯಾವುದು ಖುಷಿ ಕೊಡುತ್ತದೆ ಎಂಬುದಕ್ಕೆ ಸಂಬಂಧಿಸಿದ ಭಾಗಗಳಲ್ಲೂ ಈ ಸಾಮ್ಯ ಕಂಡಿತು.

ಇದು 2018ರ ಮಾತು. ಒಟ್ಟಿಗಿದ್ದುದರಿಂದ ಹೋಲಿಕೆ ಬಂತೋ, ಹೋಲಿಕೆಯಿಂದಲೇ ಒಟ್ಟಾದರೋ ಎಂಬ ಪ್ರಶ್ನೆ ಆಗ ಉಳಿದಿತ್ತು. 2025ರಲ್ಲಿ ಹೊರಬಂದ ಮುಂದಿನ ಅಧ್ಯಯನದಲ್ಲಿ, ವಿದ್ಯಾರ್ಥಿಗಳು ಪರಸ್ಪರ ಭೇಟಿಯಾಗುವ ಮೊದಲೇ ವಿಡಿಯೊ ತುಣುಕುಗಳನ್ನು ತೋರಿಸಿ ಅವರ ಮಿದುಳಿನ ಸ್ಕ್ಯಾನ್ ಮಾಡಲಾಗಿತ್ತು. ಎರಡು ತಿಂಗಳ ಹೊತ್ತಿಗೆ ಆಗಿದ್ದ ಗೆಳೆತನಕ್ಕೂ ಆ ಹೋಲಿಕೆಗೂ ಸ್ಪಷ್ಟ ನಂಟು ಕಾಣಲಿಲ್ಲ. ಎಂಟು ತಿಂಗಳು ಕಳೆಯುವಷ್ಟರಲ್ಲಿ ಚಿತ್ರ ಬದಲಾಗಿತ್ತು: ಮುಖಪರಿಚಯವೂ ಇಲ್ಲದಿದ್ದಾಗ ಒಂದೇ ದೃಶ್ಯಕ್ಕೆ ಒಂದೇ ರೀತಿ ಸ್ಪಂದಿಸಿದ್ದವರು ಗೆಳೆಯರಾಗಿರುವ ಸಾಧ್ಯತೆ ಹೆಚ್ಚಾಗಿತ್ತು.