ಬಣ್ಣದ ನೀರಿಗೆ ಬಿಸಿಲಿನ ಮದ್ದು

ಹೊಸ ಸೀರೆಯ ಮೊದಲ ಒಗೆತದಲ್ಲಿ ನೀರಿಗಿಳಿಯುವ ಬಣ್ಣವನ್ನು ಕಾಣದ ಗೃಹಿಣಿಯಿಲ್ಲ. ಆ ನೀರು ಮೋರಿಗೆ ಹರಿದೊಡನೆ ನಾವು ಅದನ್ನು ಮರೆತುಬಿಡುತ್ತೇವೆ. ಆದರೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ನೀರನ್ನು ಹಾಗೆ ಮರೆಯುವಂತಿಲ್ಲ. ಬಿಸಿಲಿಗೂ ಸಾಬೂನಿಗೂ ಮಾಸಬಾರದೆಂದೇ ರೂಪಿಸಿದ ಬಣ್ಣಗಳವು. ನದಿಯ ಸೂಕ್ಷ್ಮಜೀವಿಗಳು ಅವನ್ನು ಸುಲಭವಾಗಿ ಅರಗಿಸಿಕೊಳ್ಳಲಾರವು. ಬಣ್ಣ ಕವಿದ ನೀರಿನಾಳಕ್ಕೆ ಬೆಳಕು ಇಳಿಯದೆ ಜಲಸಸ್ಯಗಳೂ ಸೊರಗುತ್ತವೆ.

ಇದಕ್ಕೊಂದು ಪರಿಹಾರ ನಮ್ಮ ಮನೆಯ ಗೋಡೆಯ ಮೇಲೆಯೇ ಇದೆಯೆಂದರೆ ಓದುಗರಿಗೆ ಆಶ್ಚರ್ಯವಾದೀತು. ಗೋಡೆಯ ಬಣ್ಣಕ್ಕೆ ಬಿಳುಪು ಕೊಡುವ ಪುಡಿ ಟೈಟಾನಿಯಂ ಡೈಆಕ್ಸೈಡ್. ಇದರ ಮೇಲೆ ಬೆಳಕು ಬಿದ್ದಾಗ ನೀರು ಆಮ್ಲಜನಕ, ಜಲಜನಕಗಳಾಗಿ ಒಡೆಯಬಲ್ಲುದೆಂದು ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ 1972ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂತಹುದೇ ಪುಡಿಗೆ ಪ್ಲಾಟಿನಂ ಸೇರಿಸಿ, ಬೆಳಕಿನ ನೆರವಿನಿಂದ ರೋಗಾಣುಗಳಂತಹ ಜೀವಿಗಳನ್ನು ಕೊಲ್ಲಬಹುದೆಂದು 1985ರಲ್ಲಿ ಜಪಾನಿನವರೇ ತೋರಿಸಿದರು.

ಇದರ ಗುಟ್ಟೇನು? ಬೆಳಕಿನ ಪೆಟ್ಟಿಗೆ ಪುಡಿಯ ಕಣದೊಳಗಿನ ಎಲೆಕ್ಟ್ರಾನು ತನ್ನ ನೆಲೆಯಿಂದ ಮೇಲೆ ಜಿಗಿಯುತ್ತದೆ. ಅದು ಬಿಟ್ಟ ಜಾಗ ತೆರವಾಗುತ್ತದೆ. ಇವೆರಡೂ ಸುತ್ತಲಿನ ನೀರು ಮತ್ತು ಆಮ್ಲಜನಕಗಳೊಡನೆ ಸೇರಿ ಅತ್ಯಂತ ಚುರುಕಾದ ಅಣುಗಳನ್ನು ಹುಟ್ಟಿಸುತ್ತವೆ. ಇವು ಬಣ್ಣದ ಅಣುಗಳನ್ನು ತುಂಡರಿಸುತ್ತವೆ, ಬ್ಯಾಕ್ಟೀರಿಯಾಗಳ ಹೊರಪೊರೆಯನ್ನು ಹರಿಯುತ್ತವೆ. ಈ ಕೆಲಸವೆಲ್ಲ ನಡೆಯುವುದು ಕಣದ ಮೇಲ್ಮೈಯಲ್ಲಿ. ಒಂದು ಸೆಂಟಿಮೀಟರಿನ ಘನದ ಮೇಲ್ಮೈ 6 ಚದರ ಸೆಂಟಿಮೀಟರು ಮಾತ್ರ. ಅದನ್ನೇ 10 ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ 600 ಚದರ ಮೀಟರು, ಎಂದರೆ 30–40 ಅಡಿಯ ಐದು ನಿವೇಶನಗಳಿಗಿಂತಲೂ ಹೆಚ್ಚು! ನ್ಯಾನೊ ಕಣಗಳ ಮಹಿಮೆ ಇದು.

ಆದರೆ ತೊಡಕುಗಳೂ ಉಂಟು. ಈ ಪುಡಿಯನ್ನು ಎಚ್ಚರಿಸುವುದು ನೇರಳಾತೀತ ಕಿರಣ. ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ಸುಮಾರು 5. ಜಿಗಿದ ಎಲೆಕ್ಟ್ರಾನು ಕೆಲಸ ಮಾಡುವ ಮೊದಲೇ ತೆರವಾದ ಜಾಗಕ್ಕೆ ಮರಳಿಬಿಡುವುದು ಇನ್ನೊಂದು ತೊಡಕು. ಆದುದರಿಂದ ವಿಜ್ಞಾನಿಗಳು ಪುಡಿಯನ್ನು ತಿದ್ದತೊಡಗಿದರು. ಸಾರಜನಕ ಬೆರೆಸಿದ ಟೈಟಾನಿಯಂ ಡೈಆಕ್ಸೈಡು ಕಣ್ಣಿಗೆ ಕಾಣುವ ಬೆಳಕಿಗೂ ಸ್ಪಂದಿಸುವುದೆಂದು 2001ರಲ್ಲಿ ವರದಿಯಾಯಿತು. ಬೆಳ್ಳಿಯ ಸೂಕ್ಷ್ಮ ಕಣಗಳನ್ನು ಅಂಟಿಸಿದರೆ ಅವು ಎಲೆಕ್ಟ್ರಾನನ್ನು ಹಿಡಿದಿಡುತ್ತವೆ. ಬೆಳ್ಳಿ ತಾನೂ ಬ್ಯಾಕ್ಟೀರಿಯಾಗಳಿಗೆ ಶತ್ರು. ಟೈಟಾನಿಯಂ ಡೈಆಕ್ಸೈಡಿನೊಡನೆ ಸತುವಿನ ಆಕ್ಸೈಡನ್ನು ಜೋಡಿಸುವುದೂ ಉಂಟು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನೀರು ತಿಳಿಯಾದ ಮಾತ್ರಕ್ಕೆ ಶುದ್ಧವಾಯಿತೆಂದು ಬಗೆಯಬಾರದು. ಬಣ್ಣದ ಅಣು ಅರ್ಧಕ್ಕೆ ಒಡೆದರೂ ಬಣ್ಣ ಮಾಯವಾಗುತ್ತದೆ. ಉಳಿದ ತುಂಡುಗಳು ಕಣ್ಣಿಗೆ ಕಾಣದೆ ವಿಷವಾಗಿಯೇ ಇರಬಹುದು. ಅವು ಇಂಗಾಲದ ಡೈಆಕ್ಸೈಡು, ನೀರು ಮತ್ತು ಸರಳ ಲವಣಗಳವರೆಗೆ ಒಡೆದಾಗಲೇ ಕೆಲಸ ಪೂರ್ತಿ. ಮೇಲಾಗಿ, ಹಾಕಿದ ಪುಡಿಯನ್ನು ನೀರಿನಿಂದ ಮತ್ತೆ ತೆಗೆಯಲೂಬೇಕು. ಇದಕ್ಕಾಗಿ ಕೆಲವರು ಕಣವನ್ನು ಗಾಜಿನ ಮೇಲೆ ಬಿಗಿಯುತ್ತಾರೆ; ಕೆಲವರು ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡನ್ನು ಅದರ ಒಡಲಲ್ಲಿರಿಸುತ್ತಾರೆ.

ಪ್ರಯೋಗಾಲಯದ ಸೀಸೆಯಲ್ಲಿ ಒಂದೇ ಬಣ್ಣವನ್ನು ಅಳಿಸುವುದು ಸುಲಭ. ಉಪ್ಪು, ಸಾಬೂನು, ನೂರೆಂಟು ರಾಸಾಯನಿಕಗಳು ಬೆರೆತ ಕಾರ್ಖಾನೆಯ ನೀರು ಬೇರೆಯೇ ಪರೀಕ್ಷೆ. ಅದರಲ್ಲಿ ಗೆದ್ದ ದಿನ, ಬೇಸಗೆಯಲ್ಲಿ ನಾವು ಶಪಿಸುವ ಬಿಸಿಲೇ ನಮ್ಮ ಹೊಳೆಗಳ ವೈದ್ಯನಾದೀತು.