ಇನ್‌ಸ್ಟಾಲ್ ಆಗಿದೆ, ಆದ್ರೆ ಕಾಣಿಸ್ತಿಲ್ಲ!

ಗುರುವಾರ ರಾತ್ರಿ ಹನ್ನೊಂದೂವರೆ. ಶನಿವಾರ ಬೆಳಿಗ್ಗೆ ತಮ್ಮನ ಅರಿಶಿನ ಶಾಸ್ತ್ರ. ಬ್ಲೌಸ್ ಟೈಲರ್ ಹತ್ತಿರವೇ ಇದೆ, ಬ್ಯಾಗ್ ಇನ್ನೂ ತುಂಬಿಲ್ಲ. ನಾನು ಮಾತ್ರ ಲ್ಯಾಪ್‌ಟಾಪ್ ಮುಂದೆ ಕೂತು ಒಂದೇ ಪ್ಲಗಿನ್ ಅನ್ನು ನಾಲ್ಕನೇ ಸಲ ಇನ್‌ಸ್ಟಾಲ್ ಮಾಡ್ತಾ ಇದ್ದೆ.

ಕಾರಣ ದೊಡ್ಡಮ್ಮ. ನಮ್ಮ ಮನೆ ಮದುವೆಗಳಲ್ಲಿ ಸೋಬಾನೆ ಪದ ಶುರುವಾಗ್ತಾ ಇದ್ದದ್ದೇ ಅವರಿಂದ. ಎರಡು ವರ್ಷದ ಹಿಂದೆ ಸ್ಟ್ರೋಕ್ ಆದ ಮೇಲೆ ಮಾತು ಹೊರಡೋದೇ ಕಷ್ಟ, ಹಾಡಂತೂ ನಿಂತೇ ಹೋಯ್ತು. ಅದಕ್ಕೂ ಮುಂಚೆ ಒಂದು ದಿನ, ಹಾಸನದ ಮನೆಯ ಅಡುಗೆಕೋಣೆಯಲ್ಲಿ ಸೊಪ್ಪು ಬಿಡಿಸ್ತಾ ಅವರು ಹಾಡಿಕೊಳ್ತಿದ್ದದ್ದನ್ನು ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ. ಏಳು ನಿಮಿಷ. ಅವರ ಹಾಡು ಅಂತ ನಮ್ಮ ಹತ್ತಿರ ಉಳಿದಿರೋದು ಅಷ್ಟೇ.

“ಶಾಸ್ತ್ರದ ದಿನ ಅದನ್ನೇ ಸ್ಪೀಕರ್‌ಗೆ ಹಾಕೇ” ಅಂದಿದ್ದರು ಅಮ್ಮ. ಹಾಕಿ ನೋಡಿದರೆ ದೊಡ್ಡಮ್ಮನಿಗಿಂತ ಅಡುಗೆಕೋಣೆಯ ಫ್ಯಾನೇ ಜೋರು! ಸದ್ದು ತೆಗೆಯೋ ಪ್ಲಗಿನ್ ಒಂದು ಉಚಿತವಾಗಿ ಸಿಕ್ಕಿತು. ಡೌನ್‌ಲೋಡ್ ಮಾಡಿದೆ, ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ‘ಯಶಸ್ವಿ’ ಅಂತಲೂ ಬಂತು. ಮ್ಯೂಸಿಕ್ ಸಾಫ್ಟ್‌ವೇರ್ ತೆರೆದು ಹುಡುಕಿದರೆ ಪಟ್ಟಿಯಲ್ಲಿ ಹೆಸರೇ ಇಲ್ಲ. ತೆಗೆದು ಮತ್ತೆ ಹಾಕಿದೆ. ಇಲ್ಲ. ರೀಸ್ಟಾರ್ಟ್ ಮಾಡಿದೆ. ಊಹೂಂ.

ಆ ಒಂದು ಲಿಂಕ್

ಅಷ್ಟರಲ್ಲಿ ಚಿಕ್ಕಪ್ಪನ ಮಗನಿಂದ ಮೆಸೇಜ್: “ಅಕ್ಕಾ, ಆ ಫ್ರೀ ಪ್ಲಗಿನ್ ಬಿಡು. ದುಡ್ಡಿನದೇ ಕ್ರ್ಯಾಕ್ ಮಾಡಿರೋದು ಇದೆ, ಲಿಂಕ್ ಕಳ್ಸಿದೀನಿ. ಆಂಟಿವೈರಸ್ ಆಫ್ ಮಾಡಿ ಹಾಕು.”

ಸುಳ್ಳು ಯಾಕೆ ಹೇಳಲಿ, ಬೆರಳು ಲಿಂಕ್ ಮೇಲೆ ಹೋಗಿತ್ತು. ತಡೆದದ್ದು ‘ಆಂಟಿವೈರಸ್ ಆಫ್ ಮಾಡಿ’ ಅನ್ನೋ ಮಾತು. ಬಾಗಿಲು ತೆಗೆದಿಟ್ಟು ಮಲಗು ಅಂದ ಹಾಗಾಯ್ತಲ್ಲ! 2019ರಲ್ಲಿ ಇಸೆಟ್ ಕಂಪನಿಯ ಸಂಶೋಧಕರು ‘ಲೌಡ್‌ಮೈನರ್’ ಅನ್ನೋ ಕಳ್ಳನನ್ನು ಪತ್ತೆ ಹಚ್ಚಿದ್ದು ನೆನಪಾಯ್ತು. ಕ್ರ್ಯಾಕ್ ಮಾಡಿದ ಮ್ಯೂಸಿಕ್ ಸಾಫ್ಟ್‌ವೇರ್ ಮತ್ತು ಪ್ಲಗಿನ್‌ಗಳ ಜೊತೆ ಸೇರಿಕೊಂಡು ಬಂದು, ನಮ್ಮ ಕಂಪ್ಯೂಟರಿನಲ್ಲೇ ಯಾರದ್ದೋ ಪರವಾಗಿ ಕ್ರಿಪ್ಟೊ ಕರೆನ್ಸಿ ಗಣಿಗಾರಿಕೆ ಮಾಡ್ತಿದ್ದ ಮಾಲ್‌ವೇರ್ ಅದು. ವಿಂಡೋಸ್, ಮ್ಯಾಕ್ ಎರಡರಲ್ಲೂ. ಸಂಗೀತ ಮಾಡೋರ ಹತ್ತಿರ ಒಳ್ಳೆ ಕಂಪ್ಯೂಟರ್ ಇರುತ್ತೆ, ಪ್ರೊಸೆಸರ್ ಬಿಸಿಯಾದರೂ ಅವರು ಅನುಮಾನ ಪಡಲ್ಲ ಅನ್ನೋದೇ ಕಳ್ಳರ ಲೆಕ್ಕಾಚಾರ. ನನ್ನ ಲ್ಯಾಪ್‌ಟಾಪಿನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಇದೆ, ಆಫೀಸ್ ಕೆಲಸ ಇದೆ, ದೊಡ್ಡಮ್ಮನ ಏಳು ನಿಮಿಷ ಇದೆ. ಲಿಂಕ್ ಡಿಲೀಟ್ ಮಾಡಿ, ರೆಕಾರ್ಡಿಂಗ್‌ನ ಒಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕಿದೆ. ಅವತ್ತು ಮಾಡಿದ ಮೊದಲ ಬುದ್ಧಿವಂತ ಕೆಲಸ ಅದೇ.

ಒಂದೇ ಪ್ರಶ್ನೆ

ಎರಡನೆಯದು, ಕಲೀಗ್‌ಗೆ ಫೋನ್ ಮಾಡಿದ್ದು. ವಾರವಿಡೀ ಕೋಡಿಂಗ್, ವೀಕೆಂಡ್‌ನಲ್ಲಿ ಬೀಟ್ಸ್ ಮಾಡೋ ಹುಡುಗ. ಪೂರ್ತಿ ಕಥೆ ಕೇಳಿ ಅವನು ಕೇಳಿದ್ದು ಒಂದೇ: “ಇನ್‌ಸ್ಟಾಲ್ ಆಗ್ತಿಲ್ವಾ, ಕಾಣಿಸ್ತಿಲ್ವಾ?”

ಎರಡೂ ಬೇರೆ ಬೇರೆ ಅಂತ ನನಗೆ ಹೊಳೆದೇ ಇರಲಿಲ್ಲ.

ಸಾಫ್ಟ್‌ವೇರ್ ಮಿಕ್ಸಿ ಅಂತಿಟ್ಟುಕೊಳ್ಳಿ, ಪ್ಲಗಿನ್ ಅದರ ಜಾರ್. ಇನ್‌ಸ್ಟಾಲರ್‌ನ ಕೆಲಸ ಜಾರ್ ಅನ್ನು ಶೆಲ್ಫಿನಲ್ಲಿಡೋದು, ಅಷ್ಟೇ. ಅದನ್ನು ಹುಡುಕಿ ಕೂರಿಸಿಕೊಳ್ಳೋದು ಮಿಕ್ಸಿಯ ಕೆಲಸ. ಅದಕ್ಕೆ ‘ಸ್ಕ್ಯಾನ್’ ಅಂತಾರೆ. ಇನ್‌ಸ್ಟಾಲರ್ ‘ಯಶಸ್ವಿ’ ಅಂದರೆ ಶೆಲ್ಫಿನಲ್ಲಿಟ್ಟೆ ಅಂತ ಮಾತ್ರ ಅರ್ಥ.

“ಮೊದಲ ಸಲ ಸ್ಕ್ಯಾನ್ ಆಗುವಾಗ ಏನಾದ್ರೂ ಎರರ್ ಬಂತಾ?”

ಬಂದಿತ್ತು. ಓದದೇ ಓಕೆ ಒತ್ತಿದ್ದೆ. ಎಂ-ಎಸ್-ವಿ-ಸಿ-ಪಿ ಅಂತೇನೋ ಇತ್ತು, ಕೊನೆಗೆ 140 ಅಂತ. “ಅಲ್ಲೇ ಇದೆ ನೋಡಿ” ಅಂದ. ವಿಂಡೋಸ್‌ನಲ್ಲಿ ಎಷ್ಟೋ ಪ್ಲಗಿನ್‌ಗಳು ಮೈಕ್ರೋಸಾಫ್ಟ್‌ನ ‘ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್’ ಅನ್ನೋ ಕಡತಗಳನ್ನು ನಂಬಿಕೊಂಡಿರುತ್ತವೆ. ಅದಿಲ್ಲದಿದ್ದರೆ ಪ್ಲಗಿನ್ ಇದ್ದೂ ಏಳೋದಿಲ್ಲ. ಮೈಕ್ರೋಸಾಫ್ಟ್‌ನ ಜಾಲತಾಣದಿಂದಲೇ ಉಚಿತವಾಗಿ ತಂದು ಹಾಕಿದೆ. ಬಿಡಿ ಡಿಎಲ್‌ಎಲ್ ಫೈಲ್ ಕೊಡ್ತೀವಿ ಅನ್ನೋ ಬೇರೆ ತಾಣಗಳ ಕಡೆ ತಿರುಗಿಯೂ ನೋಡಬೇಡಿ ಅಂತ ಎಚ್ಚರಿಸಿದ.

ಸಾಫ್ಟ್‌ವೇರ್ ತೆರೆದೆ. ಈಗಲೂ ಇಲ್ಲ!

ಅವನು ನಕ್ಕ. “ಸಾಫ್ಟ್‌ವೇರ್‌ಗೆ ಕೋಪ ಇನ್ನೂ ಇಳಿದಿಲ್ಲ.” ಸ್ಕ್ಯಾನ್ ಮಾಡುವಾಗ ಒಮ್ಮೆ ಕೈಕೊಟ್ಟ ಪ್ಲಗಿನ್ ಅನ್ನು ಅದು ಬೇರೆ ಪಟ್ಟಿಗೆ ಸೇರಿಸಿಟ್ಟುಕೊಳ್ಳುತ್ತೆ, ಮುಂದಿನ ಸಲ ಆ ಕಡೆ ನೋಡೋದೂ ಇಲ್ಲ. ಯಾವತ್ತೋ ಜಗಳ ಆಯ್ತು ಅಂತ ಲಗ್ನಪತ್ರಿಕೆ ಪಟ್ಟಿಯಿಂದ ಹೆಸರು ಹೊಡೆದು ಹಾಕ್ತೀವಲ್ಲ, ಹಾಗೆ. ನಾಲ್ಕು ಸಲ ಅಲ್ಲ, ನಲವತ್ತು ಸಲ ಇನ್‌ಸ್ಟಾಲ್ ಮಾಡಿದ್ದರೂ ಅಷ್ಟೇ. ಸೆಟ್ಟಿಂಗ್ಸ್‌ನಲ್ಲಿ ಆ ಹಳೆಯ ಪಟ್ಟಿ ಅಳಿಸಿ, ಮತ್ತೆ ಸ್ಕ್ಯಾನ್ ಒತ್ತಿದೆ. ಒಂದು ಗಂಟೆ ಹತ್ತು ನಿಮಿಷಕ್ಕೆ ಹೆಸರು ಕಾಣಿಸ್ತು. ಕಿರುಚಿದೆ, ಪಕ್ಕದ ರೂಮಿನ ಪಿಜಿ ಹುಡುಗಿ ಗೋಡೆ ತಟ್ಟಿದಳು.

ನಿಮಗೂ ಹೀಗಾದರೆ

ಈ ಕ್ರಮದಲ್ಲಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲ ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ.

1. ಜಾರ್ ನಿಮ್ಮ ಮಿಕ್ಸಿಯದೇನಾ? ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ತಂದ ವಿಎಸ್‌ಟಿ, ಈಗಿನ ವಿಎಸ್‌ಟಿ3, ಆ್ಯಪಲ್‌ನ ಎಯು, ಪ್ರೊ ಟೂಲ್ಸ್‌ಗೆ ಬೇಕಾದ ಎಎಎಕ್ಸ್, ಹೀಗೆ ಮಾದರಿಗಳು ಬೇರೆ ಬೇರೆ. ಗ್ಯಾರೇಜ್‌ಬ್ಯಾಂಡ್ ಮತ್ತು ಲಾಜಿಕ್‌ಗೆ ಎಯು ಮಾತ್ರ ಆಗುತ್ತೆ. ಇನ್‌ಸ್ಟಾಲ್ ಮಾಡುವಾಗ ಸರಿಯಾದ ಮಾದರಿಗೆ ಟಿಕ್ ಹಾಕಿದ್ದೀರಾ ನೋಡಿ.

2. 32-ಬಿಟ್ಟೋ 64-ಬಿಟ್ಟೋ? ಹಳೆಯ 32-ಬಿಟ್ ಪ್ಲಗಿನ್ ಅನ್ನು ಎಷ್ಟೋ ಹೊಸ ಸಾಫ್ಟ್‌ವೇರ್‌ಗಳು ಮುಟ್ಟೋದಿಲ್ಲ. ಮ್ಯಾಕ್‌ನಲ್ಲಂತೂ 2019ರ ಕ್ಯಾಟಲಿನಾದಿಂದ ಅದು ಓಡೋದೇ ಇಲ್ಲ.

3. ಯಾವ ಶೆಲ್ಫ್? ವಿಂಡೋಸ್‌ನಲ್ಲಿ ವಿಎಸ್‌ಟಿ3ಗೆ ಗೊತ್ತಾದ ಜಾಗ ಇದೆ: ಸಿ ಡ್ರೈವ್, ಪ್ರೋಗ್ರಾಮ್ ಫೈಲ್ಸ್, ಕಾಮನ್ ಫೈಲ್ಸ್, ಅದರೊಳಗೆ ವಿಎಸ್‌ಟಿ3. ಹಳೆಯ ವಿಎಸ್‌ಟಿ2ಗೆ ಹಾಗಿಲ್ಲ. ಅದು ಯಾವ ಫೋಲ್ಡರ್‌ಗೆ ಹೋಯ್ತು ಅಂತ ಬರೆದಿಟ್ಟುಕೊಂಡು, ಅದೇ ಫೋಲ್ಡರ್ ಅನ್ನು ಸಾಫ್ಟ್‌ವೇರ್‌ಗೆ ತೋರಿಸಿ.

4. ಎರರ್ ಏನು ಹೇಳ್ತಿದೆ? ಓಕೆ ಒತ್ತೋ ಮುಂಚೆ ಫೋನಿನಲ್ಲಿ ಫೋಟೊ ತೆಗೆಯಿರಿ. ಅರ್ಧ ಉತ್ತರ ಅದರಲ್ಲೇ ಇರುತ್ತೆ.

5. ಪಟ್ಟಿ ಅಳಿಸಿ, ಮತ್ತೆ ಸ್ಕ್ಯಾನ್. ರೀಪರ್‌ನಲ್ಲಾದರೆ ಪ್ರಿಫರೆನ್ಸಸ್‌ನ ಪ್ಲಗ್-ಇನ್ಸ್ ಭಾಗದಲ್ಲಿ, ವಿಎಸ್‌ಟಿ ಪುಟದಲ್ಲಿ ಇದಕ್ಕೆ ಬಟನ್ ಇದೆ. ಬೇರೆಯವುಗಳಲ್ಲೂ ಪ್ಲಗಿನ್ ಸೆಟ್ಟಿಂಗ್ಸ್‌ನಲ್ಲೇ ಹುಡುಕಿ.

6. ಮ್ಯಾಕ್ ತಡೆಯಿತಾ? ಪ್ಲಗಿನ್ ತಯಾರಕರ ತಾಣದಿಂದಲೇ ತಂದಿದ್ದರೆ ಮಾತ್ರ, ಸಿಸ್ಟಮ್ ಸೆಟ್ಟಿಂಗ್ಸ್‌ನ ಪ್ರೈವಸಿ ಆ್ಯಂಡ್ ಸೆಕ್ಯೂರಿಟಿಗೆ ಹೋಗಿ ‘ಓಪನ್ ಎನಿವೇ’ ಒತ್ತಿ.

ಮೂರನೇ ವಿಸಿಲ್

ಪ್ಲಗಿನ್ ಬಂದ ಮೇಲೆ ಕೆಲಸ ಸುಲಭ. ಫ್ಯಾನ್ ಸದ್ದು ಮಾತ್ರ ಇರುವ ಎರಡು ಸೆಕೆಂಡ್ ಕೇಳಿಸಿದರೆ, ಇದೇ ಬೇಡದ್ದು ಅಂತ ಅದು ಕಲಿತುಕೊಂಡು ಹಾಡಿನ ಉದ್ದಕ್ಕೂ ಕಳೆಯುತ್ತಾ ಹೋಗುತ್ತೆ. ಜಾಸ್ತಿ ಕಳೆದರೆ ದನಿ ನೀರೊಳಗಿಂದ ಬಂದ ಹಾಗಾಗುತ್ತೆ. ಅದಕ್ಕೇ ಫ್ಯಾನನ್ನು ಪೂರ್ತಿ ತೆಗೆಯಲಿಲ್ಲ, ಹಿಂದಕ್ಕೆ ಸರಿಸಿದೆ ಅಷ್ಟೇ. ನಡುವೆ ಕುಕ್ಕರ್ ಮೂರು ಸಲ ಕೂಗುತ್ತೆ. ಮೂರನೆಯದಕ್ಕೆ ದೊಡ್ಡಮ್ಮ ಹಾಡು ನಿಲ್ಲಿಸಿ, “ಮೂರಾಯ್ತು, ಗ್ಯಾಸ್ ಆರ್ಸವ್ವ” ಅಂತಾರೆ, ನಿಲ್ಲಿಸಿದ ಸಾಲಿನಿಂದಲೇ ಮತ್ತೆ ಹಾಡ್ತಾರೆ. ಅದನ್ನು ಕತ್ತರಿಸೋಕೆ ಮೌಸ್ ಹಿಡಿದು, ಬಿಟ್ಟುಬಿಟ್ಟೆ.

ಶನಿವಾರ ಬೆಳಿಗ್ಗೆ ಚಪ್ಪರದಡಿ ತಮ್ಮನ ಕೆನ್ನೆಗೆ ಅರಿಶಿನ ಬೀಳುವಾಗ ಹಾಡು ಶುರುವಾಯ್ತು. ಗಲಾಟೆ ತಾನಾಗೇ ಅಡಗಿತು. ದೊಡ್ಡಮ್ಮ ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದರು. ಅವರಿಗೆ ನೋವಾಯ್ತೇನೋ ಅಂತ ನನಗೆ ಭಯ.

ಮೊದಲ ವಿಸಿಲ್ ಕೂಗಿತು. ಎರಡನೆಯದು. ಮೂರನೆಯದಕ್ಕೆ ಸ್ಪೀಕರಿನ ದೊಡ್ಡಮ್ಮ ಬಾಯಿ ತೆರೆಯೋಕೂ ಮುಂಚೆ, ಕುರ್ಚಿಯಲ್ಲಿದ್ದ ದೊಡ್ಡಮ್ಮ ಎಡಗೈ ಎತ್ತಿ, ಗ್ಯಾಸಿನ ತಿರುಪು ಆರಿಸಿದ ಹಾಗೆ ಗಾಳಿಯಲ್ಲಿ ತಿರುಗಿಸಿದರು.

ಇಡೀ ಚಪ್ಪರ ನಕ್ಕಿತು. ಅವರೂ ನಕ್ಕರು. ಆಮೇಲೆ ಚಿಕ್ಕಮ್ಮಂದಿರು ಒಬ್ಬೊಬ್ಬರಾಗಿ ಸ್ಪೀಕರಿನ ಜೊತೆ ದನಿ ಸೇರಿಸಿದರು.

ನಿಮ್ಮ ಫೋನಿನಲ್ಲೂ ಇಂಥ ಏಳು ನಿಮಿಷ ಇರಬಹುದು. ಪ್ಲಗಿನ್ ಆಮೇಲೆ ನೋಡಿಕೊಳ್ಳೋಣ. ಮೊದಲು ಇವತ್ತೇ ಅದರ ಇನ್ನೊಂದು ಪ್ರತಿ ಮಾಡಿಟ್ಟುಬಿಡಿ.